ಇವನಿಗೆ ಏನು ಕಡಿಮೆಯಾಗಿದೆ?

ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ನಾಲ್ಕು ಡಬ್ಬಿಗಳಿದ್ದವು. ಒಂದರಲ್ಲಿ ಜಗಿದು ನುಂಗುವ ಮೀನೆಣ್ಣೆಯ ಕ್ಯಾಪ್ಸೂಲ್, ಇನ್ನೊಂದರಲ್ಲಿ ಕರಡಿಮರಿಯ ಆಕಾರದ ಮಲ್ಟಿವಿಟಮಿನ್ ಗಮ್ಮಿ, ಮೂರನೆಯದು ಜಿಂಕ್ ಸಿರಪ್, ನಾಲ್ಕನೆಯದು ಹಾಲಿಗೆ ಬೆರೆಸುವ ಪುಡಿ. ಪುಡಿಯ ಡಬ್ಬಿಯ ಮೇಲೆ ‘ಏಕಾಗ್ರತೆಗಾಗಿ’ ಎಂದು ದಪ್ಪಕ್ಷರದಲ್ಲಿತ್ತು. ಮಗನಿಗೆ ಆಗ ನಾಲ್ಕು ವರ್ಷ ಏಳು ತಿಂಗಳು. ಬೆಳಗ್ಗೆ ಅವನನ್ನು ಹಿಡಿದು ಕೂರಿಸಿ ನಾಲ್ಕನ್ನೂ ಕೊಟ್ಟು ಮುಗಿಸುವಷ್ಟರಲ್ಲಿ ಅರ್ಧ ಗಂಟೆಯಾಗಿ, ಇಬ್ಬರ ಕಣ್ಣಲ್ಲೂ ನೀರು ಬಂದಿರುತ್ತಿತ್ತು.

ಅವನು ಹೇಗಿದ್ದ ಎಂದು ಹೇಳಿದರೆ ಕೇಳಿದವರಿಗೆ ತುಂಟ ಹುಡುಗನೊಬ್ಬನ ಚಿತ್ರ ಮೂಡುತ್ತದೆ. ಅದಲ್ಲ ಅವನು. ಒಂದೊಂದು ತುತ್ತಿಗೂ ಎದ್ದು ಮನೆಯೆಲ್ಲ ಸುತ್ತಿ ಬರುತ್ತಿದ್ದ. ಕತೆ ಹೇಳು ಎಂದು ತಾನೇ ಕೇಳಿ, ಎರಡನೇ ವಾಕ್ಯಕ್ಕೆ ಕಿಟಕಿ ಹತ್ತಿರುತ್ತಿದ್ದ. ರಸ್ತೆಯಲ್ಲಿ ಕೈ ಕೊಸರಿಕೊಂಡು ಓಡಿದಾಗ ನನ್ನ ಎದೆ ನಿಂತುಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ರಾತ್ರಿ ಹಾಸಿಗೆಯಲ್ಲೂ ಕಾಲಿಗೆ ವಿಶ್ರಾಂತಿ ಇರಲಿಲ್ಲ. ಹೊದಿಕೆ ಒದ್ದು, ಗೋಡೆ ಒದ್ದು, ನನ್ನನ್ನೂ ಒದ್ದು, ಹನ್ನೊಂದು ಗಂಟೆ ದಾಟಿದ ಮೇಲೆ ನಿದ್ದೆ. ಶಾಲೆಯಿಂದ ವಾರಕ್ಕೆರಡು ಸಲ ಫೋನ್ ಬರುತ್ತಿತ್ತು.

ತಜ್ಞರ ಬಳಿ ಹೋದಾಗ ಎಡಿಎಚ್‌ಡಿಯ, ಅಂದರೆ ಗಮನ ನಿಲ್ಲದಿರುವ, ಚಡಪಡಿಕೆ ಮತ್ತು ದುಡುಕು ಹೆಚ್ಚಿರುವ ತೊಂದರೆಯ ಲಕ್ಷಣಗಳು ಕಾಣುತ್ತಿವೆ, ಆದರೆ ಇಷ್ಟು ಚಿಕ್ಕವನಿಗೆ ಈಗಲೇ ಹೆಸರು ಅಂಟಿಸುವುದು ಬೇಡ, ಆರು ತಿಂಗಳು ನೋಡೋಣ ಎಂದರು. ಸರಿಯಾದ ಮಾತೇ. ಆದರೆ ನೋಡುತ್ತ ಕೂರುವುದು ತಾಯಿಯ ಕೈಗೆ ಆಗುವ ಕೆಲಸವಲ್ಲ. ಕೈ ಏನನ್ನಾದರೂ ಮಾಡಬೇಕು, ಕಲಸಬೇಕು, ಕುಡಿಸಬೇಕು. ಮನೆಯಲ್ಲಿ ಅತ್ತೆ ದಿನಕ್ಕೊಮ್ಮೆ ನಿಟ್ಟುಸಿರಿಡುತ್ತಿದ್ದರು: “ಇವನಿಗೆ ನಾವೇನು ಕಡಿಮೆ ಮಾಡಿದ್ದೀವಿ?” ಅವರು ನನ್ನನ್ನು ದೂರುತ್ತಿರಲಿಲ್ಲ, ಆ ಸಂಕಟ ಅವರದೂ ಹೌದು. ಆದರೆ ಆ ಮಾತು ಕೇಳಿದಾಗಲೆಲ್ಲ ಇನ್ನೊಂದು ಡಬ್ಬಿ ತರಿಸೋಣ ಎನ್ನಿಸುತ್ತಿತ್ತು. ಕಪಾಟು ತುಂಬಿದ್ದು ಹಾಗೆ.

ಅದೇ ಮಾತನ್ನು ಬೇರೆ ಅರ್ಥದಲ್ಲಿ ಕೇಳಿದವರು ನಮ್ಮ ಮಕ್ಕಳ ಡಾಕ್ಟರ್. ಕೆಮ್ಮಿಗೆಂದು ಕರೆದುಕೊಂಡು ಹೋದಾಗ, ಈಗ ಏನೇನು ಕೊಡುತ್ತಿದ್ದೀರಿ ಎಂದು ವಿಚಾರಿಸಿದರು. ನಾನು ನಾಲ್ಕೂ ಹೆಸರು ಹೇಳಿದೆ. ಅವರು ಬರೆದುಕೊಂಡು, ಪೆನ್ನು ಕೆಳಗಿಟ್ಟು ಕೇಳಿದರು: “ಇವನಿಗೆ ಏನು ಕಡಿಮೆಯಾಗಿದೆ ಅಂತ ಇಷ್ಟೆಲ್ಲ ಕೊಡ್ತಾ ಇದ್ದೀರಮ್ಮ? ಯಾವತ್ತಾದರೂ ನೋಡಿಸಿದ್ದೀರಾ?”

ನೋಡಿಸಿರಲಿಲ್ಲ. ಯಾವುದು ಒಳ್ಳೆಯದು ಎಂದು ನೂರು ಕಡೆ ಹುಡುಕಿದ್ದೆ, ಅವನಲ್ಲಿ ಯಾವುದು ಕಮ್ಮಿ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಅಲ್ಲಿಂದ ಮುಂದಿನ ಎರಡು ವರ್ಷ ಓದಿದ್ದು, ಕೇಳಿ ತಿಳಿದದ್ದು, ನಮ್ಮ ಮನೆಯಲ್ಲೇ ನಡೆದದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಇದೇ ದಾರಿಯಲ್ಲಿ ನಡೆಯುತ್ತಿರುವ ಇನ್ನೊಬ್ಬ ತಾಯಿಗೋ ತಂದೆಗೋ ಹೇಳುವಂತೆ ಹೇಳುತ್ತೇನೆ.

ಮೀನೆಣ್ಣೆಯ ಮೇಲೆ ನನಗಿದ್ದ ನಂಬಿಕೆ ದೊಡ್ಡದು. ಅದಕ್ಕೆ ಕಾರಣವೂ ಇತ್ತು. ಮೀನೆಣ್ಣೆಯಲ್ಲಿರುವ ಒಮೇಗಾ-3 ಕೊಬ್ಬಿನಾಮ್ಲಗಳಲ್ಲಿ ಡಿಎಚ್‌ಎ ಎಂಬುದು ನರಕೋಶದ ಪೊರೆಯ ಮುಖ್ಯ ಭಾಗ. ಎಡಿಎಚ್‌ಡಿ ಇರುವ ಮಕ್ಕಳ ರಕ್ತದಲ್ಲಿ ಒಮೇಗಾ-3 ಸರಾಸರಿ ಕಡಿಮೆ ಇರುತ್ತದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಕಡಿಮೆಯಿದ್ದರೆ ತುಂಬಿಸಿದರಾಯಿತಲ್ಲ ಎಂಬುದು ಸಹಜವಾದ ಲೆಕ್ಕ. ಆದರೆ ತುಂಬಿಸಿ ನೋಡಿದವರಿಗೆ ಸಿಕ್ಕ ಫಲ ಸಣ್ಣದು. 2011ರಲ್ಲಿ 10 ಪ್ರಯೋಗಗಳ 699 ಮಕ್ಕಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನ ಕಂಡದ್ದು ನಿಜ, ಆದರೆ ಅದು ಎಡಿಎಚ್‌ಡಿಗೆ ಕೊಡುವ ಮುಖ್ಯ ಔಷಧಿಗಳಿಂದ ಸಿಗುವುದರ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಅದೂ ಡಿಎಚ್‌ಎಗಿಂತ ಇಪಿಎ ಎಂಬ ಇನ್ನೊಂದು ಕೊಬ್ಬಿನಾಮ್ಲ ಹೆಚ್ಚಿದ್ದ ಕಡೆ ಚೂರು ಜಾಸ್ತಿ. ನಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅದರಲ್ಲಿದ್ದದ್ದು ಬಹುಪಾಲು ಡಿಎಚ್‌ಎ.

ಮುಂದೆ 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 37 ಪ್ರಯೋಗಗಳನ್ನು ಮತ್ತೆ ಜಾಲಾಡಿತು. ತಂದೆತಾಯಿಯರು ಹೇಳಿದ ಗಮನ ಮತ್ತು ಚಡಪಡಿಕೆಯ ಲೆಕ್ಕದಲ್ಲಿ ಎಣ್ಣೆ ಕುಡಿದ ಮಕ್ಕಳಿಗೂ, ಹೋಲಿಕೆಗೆಂದು ಕೊಡುವ ಸತ್ವವಿಲ್ಲದ ಹುಸಿ ಮಾತ್ರೆ ನುಂಗಿದ ಮಕ್ಕಳಿಗೂ ವ್ಯತ್ಯಾಸವಿಲ್ಲ ಎಂದು ಅದು ಸಾಕಷ್ಟು ಖಚಿತವಾಗಿಯೇ ಹೇಳಿತು. ವೈದ್ಯರಿಗೆ ಚಿಕಿತ್ಸೆಯ ದಾರಿ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯಂತೂ ಮಕ್ಕಳ ಎಡಿಎಚ್‌ಡಿಗೆ ಚಿಕಿತ್ಸೆಯಾಗಿ ಕೊಬ್ಬಿನಾಮ್ಲದ ಸಪ್ಲಿಮೆಂಟನ್ನು ಸೂಚಿಸಬೇಡಿ ಎಂದು ನೇರವಾಗಿ ಹೇಳುತ್ತದೆ.

ಇವುಗಳಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ತೈವಾನಿನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಚಿಕ್ಕದೊಂದು ಪ್ರಯೋಗ. 6ರಿಂದ 18 ವರ್ಷದ 92 ಮಕ್ಕಳಿಗೆ 12 ವಾರ ಇಪಿಎ ಅಥವಾ ಹುಸಿ ಮಾತ್ರೆ ಕೊಟ್ಟರು. ಶುರುವಿನಲ್ಲೇ ರಕ್ತದಲ್ಲಿ ಇಪಿಎ ತೀರಾ ಕಡಿಮೆಯಿದ್ದ ಮಕ್ಕಳ ಗಮನ ಸುಧಾರಿಸಿತು. ಮೊದಲೇ ಸಾಕಷ್ಟಿದ್ದವರಿಗೆ ಅಂಥ ಲಾಭವಾಗಲಿಲ್ಲ, ದುಡುಕಿನ ವಿಷಯದಲ್ಲಿ ಹುಸಿ ಮಾತ್ರೆಯವರೇ ಅವರಿಗಿಂತ ಮುಂದಿದ್ದರು. ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿದ ಪ್ರಶ್ನೆಯೇ ಅಲ್ಲಿ ಪ್ರಯೋಗವಾಗಿ ನಿಂತಂತಿತ್ತು. ಬರಿದಾದ ಕೊಡ ತುಂಬುತ್ತದೆ, ತುಂಬಿದ ಕೊಡಕ್ಕೆ ಸುರಿದರೆ ನೆಲ ಒದ್ದೆ.

ಹಾಗಾದರೆ ಮೀನೆಣ್ಣೆ ಶುರುಮಾಡಿದ ಹತ್ತು ದಿನಕ್ಕೆ ನಾನು ಕಂಡ ಬದಲಾವಣೆ ಏನು? ಕಂಡಿದ್ದೆ ಎಂದು ಆಣೆ ಮಾಡಿ ಹೇಳಬಲ್ಲೆ. ಚಿತ್ರ ಬಿಡಿಸುತ್ತ ಕಾಲು ಗಂಟೆ ಕೂತ ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. ಶಾಲೆಯ ಟೀಚರ್‌ಗೂ “ಹೊಸದೊಂದು ಕೊಡ್ತಾ ಇದ್ದೀವಿ ಮಿಸ್” ಎಂದಿದ್ದೆ, ಅವರೂ “ಹೌದು, ಸ್ವಲ್ಪ ತಣ್ಣಗಾಗಿದ್ದಾನೆ” ಎಂದಿದ್ದರು. ತಿಂಗಳ ಕೊನೆಯಲ್ಲಿ ಅವನ ಆಟಿಕೆ ಲಾರಿಯನ್ನು ತೊಳೆಯಲು ಎತ್ತಿದಾಗ ಅದರ ಹಿಂದಿನ ಡಬ್ಬದಲ್ಲಿ ಒಣಗಿ ಅಂಟಿಕೊಂಡ ಕ್ಯಾಪ್ಸೂಲ್‌ಗಳು ಸಿಕ್ಕವು. ಎಣಿಸಿದೆ, ಹತ್ತೊಂಬತ್ತು. ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಹೋಗಿ ಲಾರಿಗೆ ತುಂಬುತ್ತಿದ್ದ. ಅವನ ಮೇಲೆ ಸಿಟ್ಟು ಬರಲಿಲ್ಲ. ನೆಲದ ಮೇಲೆ ಕೂತು, ಆ ಹತ್ತು ದಿನಗಳಲ್ಲಿ ನಾನು ನೋಡಿದ್ದು ಏನನ್ನು ಎಂದು ಬಹಳ ಹೊತ್ತು ಯೋಚಿಸಿದೆ.

1994ರಲ್ಲಿ ಅಮೆರಿಕದ ಹೂವರ್ ಮತ್ತು ಮಿಲಿಚ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದಿದೆ. ಸಕ್ಕರೆ ತಿಂದರೆ ನಮ್ಮ ಮಗನ ಹಾರಾಟ ಹೆಚ್ಚುತ್ತದೆ ಎಂದು ನಂಬಿದ್ದ ತಾಯಂದಿರನ್ನು, ಅವರ 5ರಿಂದ 7 ವರ್ಷದ ಗಂಡುಮಕ್ಕಳ ಜತೆ ಕರೆಸಿದರು. ಎಲ್ಲ ಮಕ್ಕಳಿಗೂ ಕೊಟ್ಟಿದ್ದು ಸಕ್ಕರೆಯಿಲ್ಲದ ಸಿಹಿಯನ್ನೇ. ಆದರೆ ಅರ್ಧದಷ್ಟು ತಾಯಂದಿರಿಗೆ ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ ಎಂದರು. ಆಮೇಲೆ ತಾಯಿ ಮಗ ಇಬ್ಬರೂ ಸೇರಿ ಆಡುವುದನ್ನು ನೋಡಿದರು. ಸಕ್ಕರೆ ಎಂದು ನಂಬಿದ ತಾಯಂದಿರಿಗೆ ಮಗ ಹೆಚ್ಚು ಚಡಪಡಿಸುವಂತೆ ಕಂಡ. ಅಷ್ಟೇ ಅಲ್ಲ, ಅವರ ನಡವಳಿಕೆಯೂ ಬದಲಾಗಿತ್ತು: ಮಗನಿಗೆ ಹೆಚ್ಚು ಹತ್ತಿರ ನಿಂತರು, ಹೆಚ್ಚು ತಪ್ಪು ಹುಡುಕಿದರು, ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಇದನ್ನು ಓದಿದ ದಿನ ನನಗೆ ಅಳು ಬಂತು. ತಾಯಂದಿರು ಸುಳ್ಳು ಹೇಳುತ್ತಾರೆ ಎಂದು ಆ ಪ್ರಯೋಗ ಹೇಳುತ್ತಿಲ್ಲ. ಕಾತರ ತುಂಬಿದ ಕಣ್ಣಿಗೆ ಬೇರೆಯದೇ ಮಗು ಕಾಣುತ್ತದೆ, ಆ ಕಣ್ಣಿನ ಎದುರು ಮಗುವೂ ಬೇರೆಯಾಗುತ್ತದೆ. ಕ್ಯಾಪ್ಸೂಲ್ ಕೊಟ್ಟೆನೆಂಬ ನೆಮ್ಮದಿಯಲ್ಲಿ ನಾನು ಆ ಹತ್ತು ದಿನ ಕಡಿಮೆ ಬೈದಿದ್ದೆ. ಚಿತ್ರ ಬಿಡಿಸುವಾಗ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಅವನು ಕಾಲು ಗಂಟೆ ಕೂತದ್ದು ಸುಳ್ಳಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಏನನ್ನಾದರೂ ಶುರುಮಾಡಿದರೆ ಒಂದು ಸಲಕ್ಕೆ ಒಂದನ್ನೇ. ಟೀಚರ್‌ಗೆ ಹೇಳುವುದಿಲ್ಲ, ಅವರು ವಾರಕ್ಕೊಮ್ಮೆ ತಮ್ಮ ಪಾಡಿಗೆ ನಾಲ್ಕು ಸಾಲು ಬರೆದು ಕೊಡುತ್ತಾರೆ. ಶುರುಮಾಡುವ ಮೊದಲು ಎರಡು ವಾರ ಏನೂ ಕೊಡದೆಯೂ ಬರೆದಿಡುತ್ತೇನೆ, ಏಕೆಂದರೆ ತೀರಾ ಕೆಟ್ಟ ವಾರದ ಬೆನ್ನಿಗೇ ನಾವು ಹೊಸ ಡಬ್ಬಿ ತರುವುದು, ತೀರಾ ಕೆಟ್ಟ ವಾರದ ಮುಂದಿನ ವಾರ ಹೇಗಿದ್ದರೂ ಸ್ವಲ್ಪ ವಾಸಿಯೇ ಇರುತ್ತದೆ.

ಇನ್ನು ಕಬ್ಬಿಣದ ವಿಷಯ. ಡಾಕ್ಟರ್ ಬರೆದುಕೊಟ್ಟ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜತೆ ಫೆರಿಟಿನ್ ಎಂದೂ ಇತ್ತು. ಹಿಮೋಗ್ಲೋಬಿನ್ ಕೈಯಲ್ಲಿರುವ ಕಾಸಿನಂತೆ, ಫೆರಿಟಿನ್ ಗಂಟಿನಲ್ಲಿ ಕಟ್ಟಿಟ್ಟದ್ದು ಎಂದು ವಿವರಿಸಿದರು. ಗಂಟು ಖಾಲಿಯಾಗುತ್ತಿದ್ದರೂ ಕೈಯಲ್ಲಿ ಕಾಸು ಓಡಾಡುತ್ತಿರಬಹುದು. ಮಗನಿಗೆ ಆಗಿದ್ದು ಅದೇ. ಹಿಮೋಗ್ಲೋಬಿನ್ 11.8, ಅಂದರೆ ರಕ್ತಹೀನತೆ ಇಲ್ಲ. ಫೆರಿಟಿನ್ ಮಿಲಿಲೀಟರಿಗೆ 11 ನ್ಯಾನೊಗ್ರಾಂ. ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೆ 12ಕ್ಕಿಂತ ಕೆಳಗಿಳಿದರೆ ಕೊರತೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗೆರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರಿ ಕಾಣುವುದರಿಂದ, ಕೆಮ್ಮು ಪೂರ್ತಿ ಹೋದ ಮೇಲೆಯೇ ರಕ್ತ ತೆಗೆಸಿದ್ದರು.

ಕಬ್ಬಿಣಕ್ಕೂ ಗಮನಕ್ಕೂ ನಂಟು ಎಲ್ಲಿಂದ ಬಂತು ಎಂದರೆ, ಮಿದುಳಿನಲ್ಲಿ ಡೋಪಮಿನ್ ತಯಾರಾಗಲು ಬೇಕಾದ ಟೈರೋಸಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಕಬ್ಬಿಣವಿಲ್ಲದೆ ಕೆಲಸ ಮಾಡುವುದಿಲ್ಲ. ಎಡಿಎಚ್‌ಡಿಯಲ್ಲಿ ಏರುಪೇರಾಗುವ ರಾಸಾಯನಿಕಗಳಲ್ಲಿ ಡೋಪಮಿನ್ ಮುಖ್ಯವಾದದ್ದು. ಫ್ರಾನ್ಸಿನ ಎರಿಕ್ ಕೊನೊಫಾಲ್ ಮತ್ತು ಸಂಗಡಿಗರು 2004ರಲ್ಲಿ ಎಡಿಎಚ್‌ಡಿ ಇದ್ದ 53 ಮಕ್ಕಳ ರಕ್ತ ನೋಡಿದಾಗ ಶೇ. 84ರಷ್ಟು ಮಕ್ಕಳ ಫೆರಿಟಿನ್ 30ಕ್ಕಿಂತ ಕೆಳಗಿತ್ತು. ಹೋಲಿಕೆಗೆ ಇಟ್ಟುಕೊಂಡ ಬೇರೆ ಮಕ್ಕಳಲ್ಲಿ ಹಾಗಿದ್ದವರು ಶೇ. 18. ಅವರೇ 2008ರಲ್ಲಿ ರಕ್ತಹೀನತೆ ಇಲ್ಲದ, ಆದರೆ ಫೆರಿಟಿನ್ ಕಡಿಮೆಯಿದ್ದ 23 ಮಕ್ಕಳಿಗೆ 12 ವಾರದ ಪ್ರಯೋಗ ಮಾಡಿದರು. ಕಬ್ಬಿಣ ತೆಗೆದುಕೊಂಡವರ ಲಕ್ಷಣಗಳು ಇಳಿದವು. 23 ಮಕ್ಕಳು ಎಂಬುದು ಪುಟ್ಟ ಸಂಖ್ಯೆ, ಅದರ ಮೇಲೆ ದೊಡ್ಡ ಮಾತು ಕಟ್ಟಲಾಗದು. ಆದರೆ ರಾತ್ರಿ ನಿಲ್ಲದ ಕಾಲಿಗೂ ಕಬ್ಬಿಣದ ಕೊರತೆಗೂ ಇರುವ ಸಂಬಂಧ ವೈದ್ಯರಿಗೆ ಚೆನ್ನಾಗಿ ಗೊತ್ತಿರುವಂಥದು. ಹಾಸಿಗೆಯಲ್ಲಿ ಗೋಡೆ ಒದೆಯುತ್ತಾನೆ ಎಂದದ್ದೇ ಡಾಕ್ಟರ್ ಕಿವಿ ನಿಮಿರಿಸಿದ್ದರು.

ಕೊರತೆ ಬಂದದ್ದು ಎಲ್ಲಿಂದ? ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಬೆಳಗ್ಗೆ ಪುಡಿ ಬೆರೆಸಿದ ಹಾಲು, ಕ್ಯಾಪ್ಸೂಲ್ ನುಂಗಿದ್ದಕ್ಕೆ ಇನ್ನೊಂದು ಲೋಟ, ಸಂಜೆ ಮತ್ತೆ ಪುಡಿ, ರಾತ್ರಿ ಮಲಗಲೆಂದು ಬಿಸಿ ಹಾಲು. ದಿನಕ್ಕೆ ಮುಕ್ಕಾಲು ಲೀಟರ್ ದಾಟುತ್ತಿತ್ತು. ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಅದರ ಸುಣ್ಣದಂಶವೂ ಪ್ರೋಟೀನೂ ಬೇರೆ ಆಹಾರದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಹೊಟ್ಟೆ ತುಂಬಿದ ಹುಡುಗ ತಟ್ಟೆಯ ಮುಂದೆ ಕೂರುವುದೇ ಇಲ್ಲ. ಜಿಂಕ್ ಸಿರಪ್ಪಿನ ಮಾತೂ ಬಂತು. ಒಟ್ಟಿಗೆ ಕೊಟ್ಟರೆ ಸತು (ಜಿಂಕ್) ಮತ್ತು ಕಬ್ಬಿಣ ಕರುಳಿನಲ್ಲಿ ಒಂದನ್ನೊಂದು ತಳ್ಳುತ್ತವೆ. ಏಕಾಗ್ರತೆಗೆಂದು ನಾನು ಪ್ರೀತಿಯಿಂದ ಕಲಸಿ ಕೊಟ್ಟ ಲೋಟಗಳೇ ಅವನಿಗೆ ಬೇಕಿದ್ದದ್ದನ್ನು ಹೊರಗಿಡುತ್ತಿದ್ದವು.

ಹಾಲು ಅರ್ಧ ಲೀಟರಿಗೆ ಇಳಿಯಿತು. ಕಬ್ಬಿಣದ ಸಿರಪ್ಪನ್ನು ಡಾಕ್ಟರ್ ಅವನ ತೂಕಕ್ಕೆ ಲೆಕ್ಕ ಹಾಕಿ ಬರೆದರು. ಹಾಲಿನಿಂದ ದೂರವಿಟ್ಟು, ಹುಳಿ ಹಣ್ಣಿನ ರಸದ ಜತೆ ಕೊಡುತ್ತಿದ್ದೆ. ಹಲ್ಲು ಕಪ್ಪಾಗದಿರಲೆಂದು ನಾಲಿಗೆಯ ಹಿಂಬದಿಗೆ ಬಿಟ್ಟು ಬಾಯಿ ತೊಳೆಸುತ್ತಿದ್ದೆ. ಮಲ ಕಪ್ಪಾಯಿತು, ಎರಡು ವಾರ ಮಲಬದ್ಧತೆಯಿಂದ ನರಳಿದ. ಏಳನೇ ವಾರದ ಪುಟದಲ್ಲಿ ಹೀಗಿದೆ: “ನಾಲ್ಕು ರಾತ್ರಿ ಒಂಬತ್ತೂವರೆಗೆ ಮಲಗಿದ. ಒದೆತ ಇಲ್ಲ.” ಮೂರು ತಿಂಗಳಿಗೆ ಫೆರಿಟಿನ್ 38. ನಿದ್ದೆ ಸುಧಾರಿಸಿದ್ದು ಖಂಡಿತ. ಬೆಳಗಿನ ರಂಪಾಟ ತಗ್ಗಿತು. ಗಮನ? ಟೀಚರ್ ಸಾಲುಗಳಲ್ಲಿ ದೊಡ್ಡ ಬದಲಾವಣೆ ಇಲ್ಲ. ಕಾಲು ನಿಂತಿತು, ಮನಸ್ಸು ಇನ್ನೂ ಓಡುತ್ತಿತ್ತು. ಕಬ್ಬಿಣ ತನ್ನ ಕೆಲಸವನ್ನಷ್ಟೇ ಮಾಡಿತು. ಅದಕ್ಕೆ ನಾನು ಋಣಿ.

ಸತುವಿನದು ಇನ್ನೂ ಗೊಂದಲದ ಕತೆ. 2004ರಲ್ಲಿ ಟರ್ಕಿಯಲ್ಲಿ 400 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಚಡಪಡಿಕೆ, ದುಡುಕು ತಗ್ಗಿದವು, ಗಮನ ಮಾತ್ರ ಹಾಗೇ ಉಳಿಯಿತು. 2011ರಲ್ಲಿ ಅಮೆರಿಕದ 52 ಮಕ್ಕಳಲ್ಲಿ ಹುಸಿ ಮಾತ್ರೆಗಿಂತ ಸತು ಮೇಲೆನಿಸಲಿಲ್ಲ. ಮಿತಿ ಮೀರಿದ ಸತು ಬಹಳ ಕಾಲ ಹೋದರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ. ನಾನು ನಿಲ್ಲಿಸಿದೆ.

ಹತ್ತಾರು ವಿಟಮಿನ್, ಖನಿಜಗಳನ್ನು ಒಟ್ಟಿಗೆ ಕೊಡುವ ಪದ್ಧತಿಯ ಬಗ್ಗೆ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಜೂಲಿಯಾ ರಕ್ಲಿಜ್ ವರ್ಷಗಳಿಂದ ಕೆಲಸ ಮಾಡಿದ್ದಾರೆ. ಅಮೆರಿಕ ಮತ್ತು ಕೆನಡಾದಲ್ಲಿ 6ರಿಂದ 12 ವರ್ಷದ 135 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಇಂಥದೇ ಇನ್ನೊಂದು ಪ್ರಯೋಗದಲ್ಲಿ, ಯಾರಿಗೆ ಏನು ಕೊಟ್ಟಿದೆ ಎಂದು ಗೊತ್ತಿಲ್ಲದ ವೈದ್ಯರ ಕಣ್ಣಿಗೆ ಪೋಷಕಾಂಶ ಪಡೆದವರಲ್ಲಿ ಶೇ. 54, ಹುಸಿ ಮಾತ್ರೆಯವರಲ್ಲಿ ಶೇ. 18 ಮಕ್ಕಳು ಸುಧಾರಿಸಿದಂತೆ ಕಂಡರು. ತಂದೆತಾಯಿಯರು ತುಂಬಿದ ಪ್ರಶ್ನಾವಳಿಯಲ್ಲಿ ಮಾತ್ರ ಎರಡು ಗುಂಪಿಗೂ ಅಂತರವಿರಲಿಲ್ಲ, ಎರಡೂ ಕಡೆ ಮಕ್ಕಳು ಸುಧಾರಿಸಿದ್ದಾರೆ ಎಂದೇ ಅವರು ಬರೆದಿದ್ದರು. ಮತ್ತೆ ಅದೇ ಕಣ್ಣು. ಇದನ್ನು ನಾನು ತಳ್ಳಿಹಾಕುವುದಿಲ್ಲ, ಕುತೂಹಲದಿಂದ ಕಾಯುತ್ತೇನೆ. ಆದರೆ ಆ ಮಕ್ಕಳು ದಿನಕ್ಕೆ ಒಂಬತ್ತರಿಂದ ಹನ್ನೆರಡು ಕ್ಯಾಪ್ಸೂಲ್ ನುಂಗಿದ್ದರು. ನನ್ನ ಮಗ ಒಂದನ್ನೇ ಲಾರಿಗೆ ತುಂಬಿದವನು. ಇನ್ನೂ ಮುಖ್ಯವಾದದ್ದು, ಇಂಥ ಹೆಚ್ಚಿನ ಪ್ರಯೋಗಗಳಲ್ಲಿ ನಾಲ್ಕು ವರ್ಷದ ಮಕ್ಕಳೇ ಇಲ್ಲ. ಹತ್ತು ವರ್ಷದವನಿಗೆ ಸುರಕ್ಷಿತವೆಂದು ಕಂಡದ್ದನ್ನು ಹದಿನೈದು ಕಿಲೋ ತೂಗುವ ಕೂಸಿಗೆ ಅಳತೆ ತಗ್ಗಿಸಿ ಕೊಡುವುದು ಊಹೆಯ ಮೇಲೆ ನಡೆಯುವ ಕೆಲಸ.

ಮೂರು ವರ್ಷದವರನ್ನೂ ಸೇರಿಸಿಕೊಂಡ ಒಂದು ಅಧ್ಯಯನ ನೆನಪಾಗುತ್ತದೆ, ಅದು ಕೊಡುವುದರ ಬಗ್ಗೆ ಅಲ್ಲ, ಬಿಡುವುದರ ಬಗ್ಗೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಕೃತಕ ಬಣ್ಣಗಳನ್ನೂ ಸೋಡಿಯಂ ಬೆಂಜೊಯೇಟನ್ನೂ ಬೆರೆಸಿದ ಪಾನೀಯ ಕುಡಿದ ಸಾಮಾನ್ಯ ಮಕ್ಕಳಲ್ಲೂ ಚಡಪಡಿಕೆ ತುಸು ಹೆಚ್ಚುವುದನ್ನು ಕಂಡರು. ಎಲ್ಲ ಮಕ್ಕಳಿಗೂ ಒಂದೇ ಸಮನಾಗಿ ಅಲ್ಲ, ಸರಾಸರಿಯಲ್ಲಿ. 2010ರಿಂದ ಯುರೋಪಿನ ಒಕ್ಕೂಟದಲ್ಲಿ ಅಂಥ ಆರು ಬಣ್ಣಗಳಿರುವ ತಿನಿಸಿನ ಮೇಲೆ ಮಕ್ಕಳ ಗಮನಕ್ಕೆ ತೊಂದರೆಯಾಗಬಹುದೆಂಬ ಎಚ್ಚರಿಕೆ ಕಡ್ಡಾಯವಾಯಿತು. ನಮ್ಮ ಕರಡಿಮರಿ ಗಮ್ಮಿಯ ಹಿಂದೆ ಸಣ್ಣ ಅಕ್ಷರದಲ್ಲಿ 102, 129 ಎಂದಿತ್ತು. ಟಾರ್ಟ್ರಜೀನ್ ಹಳದಿ, ಅಲ್ಯೂರಾ ಕೆಂಪು. ಆ ಆರರಲ್ಲಿ ಎರಡು. ಗಮ್ಮಿಯೂ ಕಪಾಟಿನಿಂದ ಇಳಿಯಿತು.

ಕಪಾಟಿನ ಎತ್ತರದ ಬಗ್ಗೆಯೂ ಹೇಳಲೇಬೇಕು. ಕಬ್ಬಿಣದ ಮಾತ್ರೆ, ಸಿರಪ್ ಚಿಕ್ಕ ಮಕ್ಕಳ ಕೈಗೆ ಸಿಕ್ಕರೆ ಪ್ರಾಣ ಹೋಗಬಹುದು. ಅಮೆರಿಕದಲ್ಲಿ ಆರು ವರ್ಷದೊಳಗಿನವರ ವಿಷಪ್ರಾಶನದ ಸಾವುಗಳಿಗೆ ಅದು ಮುಖ್ಯ ಕಾರಣವಾಗಿದ್ದರಿಂದ 1997ರಲ್ಲಿ ಡಬ್ಬಿಯ ಮೇಲೆ ಎಚ್ಚರಿಕೆ ಕಡ್ಡಾಯ ಮಾಡಿದರು. ದುಡುಕುವ, ಹತ್ತುವ, ರುಚಿ ನೋಡುವ ಮಗು ಇರುವ ಮನೆಗೇ ಅಲ್ಲವೇ ಈ ಡಬ್ಬಿ ಬರುವುದು? ನಿದ್ದೆಗೆಂದು ಕೊಡುವ ಮೆಲಟೋನಿನ್ ಗಮ್ಮಿಯದೂ ಇದೇ ಕತೆ. ಅದೇ ದೇಶದಲ್ಲಿ 2012ರಿಂದ 2021ರ ನಡುವೆ ಮಕ್ಕಳು ಮೆಲಟೋನಿನ್ ನುಂಗಿದ ವರದಿಗಳು ಶೇ. 530ರಷ್ಟು ಏರಿದವು. 2023ರಲ್ಲಿ 25 ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಡಬ್ಬಿಯ ಮೇಲಿನ ಅಂಕಿಗೂ ಒಳಗಿನ ಅಂಶಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಂತೂ ಬರೆದದ್ದರ ಮೂರೂವರೆ ಪಟ್ಟು. ಔಷಧಿಗೆ ಇರುವ ಕಾವಲು ಸಪ್ಲಿಮೆಂಟಿಗೆ ಇಲ್ಲ. ಇದು ನನ್ನನ್ನು ಇವತ್ತಿಗೂ ಸಿಟ್ಟಿಗೇಳಿಸುತ್ತದೆ.

ಗಮನದ ಮಟ್ಟಿಗೆ ನಮಗೆ ನಿಜವಾಗಿ ಕೈಹಿಡಿದದ್ದು ಡಬ್ಬಿಯಲ್ಲಿ ಸಿಗುವಂಥದಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೇಳಿರುವಂತೆ 4ರಿಂದ 6 ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ತಂದೆತಾಯಿಗೆ ಕೊಡುವ ತರಬೇತಿ. ಎಂಟು ವಾರ ಹೋದೆವು. ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ದೂರದಿಂದ ಕೂಗದೆ ಹತ್ತಿರ ಹೋಗಿ ಹೆಗಲು ಮುಟ್ಟಿ ಹೇಳುವುದು, ಮಾಡಿದ ಕ್ಷಣದಲ್ಲೇ ಏನು ಮಾಡಿದ ಎಂದು ಹೆಸರಿಟ್ಟು ಮೆಚ್ಚುವುದು. ಕೇಳಲು ಇಷ್ಟೇ. ಇಷ್ಟನ್ನು ಮಾಡಲು ನನ್ನ ಗಂಡನಿಗೂ ನನಗೂ ವರ್ಷ ಹಿಡಿಯಿತು. ಅತ್ತೆ ನಮಗಿಂತ ಬೇಗ ಕಲಿತರು.

ಈಗ ಅವನಿಗೆ ಏಳು ತುಂಬುತ್ತಿದೆ. ತಜ್ಞರು ಹೆಸರು ಹೇಳಿದ್ದಾರೆ, ಔಷಧಿ ಬೇಕೇ ಎಂಬ ಮಾತುಕತೆ ನಡೆದಿದೆ. ಶುರುಮಾಡಿದರೆ ಹಸಿವು ತಗ್ಗಬಹುದು, ತೂಕ ನೋಡುತ್ತಿರಬೇಕು ಎಂದಿದ್ದಾರೆ. ಅದಕ್ಕೆ ಮೊದಲು ಮತ್ತೊಮ್ಮೆ ಫೆರಿಟಿನ್ ನೋಡೋಣ ಎಂದೂ ಹೇಳಿದ್ದಾರೆ. ಈ ವಾರ ಅವನಿಗೆ ಶೀತ, ಸಣ್ಣ ಜ್ವರ. ಜ್ವರ ಬಿಟ್ಟು ಕೆಲವು ವಾರ ಕಳೆಯಲಿ ಎಂದು ರಕ್ತ ಪರೀಕ್ಷೆಯ ಚೀಟಿಯನ್ನು ನೋಟ್‌ಬುಕ್ಕಿನೊಳಗೆ ಮಡಚಿ ಇಟ್ಟಿದ್ದೇನೆ. ನಿನ್ನೆ ರಾತ್ರಿ ಹೊದ್ದು ಮಲಗಿ ಕತೆ ಕೇಳಿದ. ಐದನೇ ವಾಕ್ಯಕ್ಕೆ ಎದ್ದ, ನೀರು ಕುಡಿದ, ಮತ್ತೆ ಬಂದು ನನ್ನ ತೋಳಿನ ಮೇಲೆ ತಲೆಯಿಟ್ಟು, “ಆಮೇಲೆ ಏನಾಯ್ತಮ್ಮ?” ಎಂದ.